ಆಟಿಕೆ ಕಾರಿನ ಗಾಲಿಗೆ ನೋವಿನ ಎಣ್ಣೆ

ತಲೆನೋವಿಗೋ ಮಂಡಿನೋವಿಗೋ ಹಚ್ಚಿಕೊಳ್ಳುವ ಮುಲಾಮಿನ ಘಾಟು ಯಾರಿಗೆ ಗೊತ್ತಿಲ್ಲ? ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮನೆಯಲ್ಲಿ ಯಾರಿಗೋ ಮೈಕೈ ನೋವೆಂದು ಪಕ್ಕದ ಕೋಣೆಯವರಿಗೂ ತಿಳಿದುಬಿಡುತ್ತದೆ. ಅನೇಕ ಮುಲಾಮುಗಳಲ್ಲಿ ಕರ್ಪೂರ, ಪುದೀನದ ಸತ್ತ್ವಗಳ ಜತೆಗೆ ಆ ಘಾಟಿಗೆ ಕಾರಣವಾಗುವುದು ಮಿಥೈಲ್ ಸ್ಯಾಲಿಸಿಲೇಟ್ ಎಂಬ ಎಣ್ಣೆಯಂಥ ದ್ರವ. ವಿಂಟರ್‌ಗ್ರೀನ್ ಎಣ್ಣೆ ಎಂಬುದು ಅದರ ಹಳೆಯ ಹೆಸರು.

ಇದೇ ಘಾಟು ಒಂದು ಕಾಲಕ್ಕೆ ಅಮೆರಿಕದ ಕೆಲವು ಸಭಾಂಗಣಗಳಲ್ಲಿ ಚಳಿಗಾಲದುದ್ದಕ್ಕೂ ತುಂಬಿರುತ್ತಿತ್ತು. ಅಲ್ಲಿ ನೆರೆದವರಲ್ಲಿ ಯಾರಿಗೂ ನೋವಿರಲಿಲ್ಲ. ನೆಲಕ್ಕೆ ಬೂದು ಬಣ್ಣದ ಗಿಡ್ಡ ಜುಂಗಿನ ಕಾರ್ಪೆಟ್ ಹಾಸಿ, ಅದರ ಮೇಲೆ ಹಲಗೆಗಳನ್ನಿಟ್ಟು ಅಂಕುಡೊಂಕಾದ ರಸ್ತೆ ಮಾಡಿ, ಒಂದು ಮೊಳ ಉದ್ದವೂ ಇಲ್ಲದ ಕಾರುಗಳನ್ನು ರೇಡಿಯೊ ಸಂಕೇತದಿಂದ ಓಡಿಸುವ ಪಂದ್ಯ ಅಲ್ಲಿ ನಡೆಯುತ್ತಿತ್ತು. ಪಂದ್ಯಕ್ಕೆ ಮುನ್ನ ಸ್ಪರ್ಧಿಗಳು ಆ ಎಣ್ಣೆ ಬೆರೆತ ದ್ರವವನ್ನು ಕಾರಿನ ಸ್ಪಂಜಿನ ಗಾಲಿಗಳಿಗೆ ಸವರಿ, ನೆನೆಯಲು ಬಿಟ್ಟು, ಒರೆಸಿ, ಆಮೇಲೆ ಕಣಕ್ಕೆ ಇಳಿಸುತ್ತಿದ್ದರು. ಹಾಗೆ ಮಾಡಿದ ಕಾರು ತಿರುವಿನಲ್ಲಿ ಜಾರದೆ ನೆಲಕ್ಕೆ ಅಂಟಿದಂತೆ ಓಡುತ್ತಿತ್ತು. ಮಾಡದ ಕಾರು ಹಲಗೆಗೆ ಬಡಿದು ನಿಲ್ಲುತ್ತಿತ್ತು.

ಸ್ಪಂಜೇಕೆ, ಎಣ್ಣೆಯೇಕೆ? ಆಟಿಕೆಯೆಂದು ನಾವು ತಳ್ಳಿಹಾಕುವ ಒಂದು ವಸ್ತುವಿನ ಹಿಂದೆ ಘರ್ಷಣೆಯ ವಿಜ್ಞಾನ, ರಬ್ಬರಿನ ಚರಿತ್ರೆ, ಸ್ಪರ್ಧೆಯ ನ್ಯಾಯ ಮತ್ತು ಕೊನೆಗೆ ಮನುಷ್ಯರ ಉಸಿರಾಟ ಎಲ್ಲವೂ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಈ ಪುಟ್ಟ ಗಾಲಿ ಒಂದು ಒಳ್ಳೆಯ ನಿದರ್ಶನ.

ಹನ್ನೆರಡರಲ್ಲಿ ಒಂದು ಪಾಲು

ಮೊದಲು ಲೆಕ್ಕದಿಂದ ಆರಂಭಿಸೋಣ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಗೆಲಿಲಿಯೊ ಒಂದು ಸರಳ ಸಂಗತಿಯನ್ನು ವಿವರಿಸಿದ. ಯಾವುದೇ ವಸ್ತುವನ್ನು ಅದೇ ಆಕಾರದಲ್ಲಿ ಚಿಕ್ಕದು ಮಾಡಿದರೆ ಅದರ ಉದ್ದ, ಮೇಲ್ಮೈ, ತೂಕ ಮೂರೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಉದ್ದ ಹನ್ನೆರಡರಲ್ಲಿ ಒಂದು ಪಾಲಾದರೆ ಮೇಲ್ಮೈ 144ರಲ್ಲಿ ಒಂದು ಪಾಲಾಗುತ್ತದೆ. ತೂಕವಾದರೋ 1,728ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ಲೆಕ್ಕವನ್ನು ಕಾರಿಗೆ ಅನ್ವಯಿಸಿ ನೋಡಿ. 1,500 ಕಿಲೋ ತೂಗುವ ನಿಜವಾದ ಕಾರನ್ನು ಹನ್ನೆರಡರ ಒಂದು ಪಾಲಿಗೆ ಕುಗ್ಗಿಸಿದರೆ ಅದರ ತೂಕ ಸುಮಾರು 870 ಗ್ರಾಂ. ಅದರ ಗಾಲಿಗಳು ನೆಲವನ್ನು ಮುಟ್ಟುವ ಜಾಗ ಮಾತ್ರ 144ರಲ್ಲಿ ಒಂದು ಪಾಲು. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ದೊಡ್ಡ ಕಾರಿನದಕ್ಕಿಂತ ಹನ್ನೆರಡು ಪಟ್ಟು ಕಡಿಮೆ. ದೊಡ್ಡ ಕಾರಿನ ಟೈರನ್ನು ಅದರ ಭಾರವೇ ರಸ್ತೆಯ ಉಬ್ಬುತಗ್ಗುಗಳೊಳಕ್ಕೆ ಒತ್ತುತ್ತದೆ. ಚಿಕ್ಕ ಕಾರಿಗೆ ಆ ಭಾಗ್ಯವಿಲ್ಲ. ಅದೇ ಗಟ್ಟಿ ರಬ್ಬರನ್ನು ಅದಕ್ಕೂ ತೊಡಿಸಿದರೆ, ಅದು ನೆಲದ ಮೊನೆಗಳ ಮೇಲೆ ತೇಲಿದಂತೆ ಜಾರುತ್ತದೆ. ಹಾಗಾಗಿ ಚಿಕ್ಕ ಕಾರಿನ ಗಾಲಿ ದೊಡ್ಡದರ ಗಾಲಿಗಿಂತ ಬಹಳ ಮೃದುವಾಗಿರಲೇಬೇಕು. ಈ ಕಥೆಯ ಬೀಜವೆಲ್ಲ ಇಷ್ಟೇ: ಭಾರದಿಂದ ಸಿಗದ ಹಿಡಿತವನ್ನು ಮೆತ್ತನೆಯ ಗುಣದಿಂದ ಪಡೆಯಬೇಕು.

ನಿಯಮ ಮೀರುವ ರಬ್ಬರು

ಘರ್ಷಣೆಯ ಬಗ್ಗೆ ಶಾಲೆಯಲ್ಲಿ ಕಲಿತ ಪಾಠವನ್ನು ನೆನಪಿಸಿಕೊಳ್ಳಿ. ಘರ್ಷಣೆ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ಮುಟ್ಟುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ಆ ಪಾಠ. ಲಿಯೊನಾರ್ಡೊ ಡಾ ವಿಂಚಿ ಇದನ್ನು ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೊ ಅದನ್ನು ಮತ್ತೆ ಕಂಡುಹಿಡಿದು ಪ್ರಕಟಿಸಿದ. 1780ರ ದಶಕದಲ್ಲಿ ಕುಲೋಂ ಅದನ್ನು ಇನ್ನಷ್ಟು ಪರೀಕ್ಷಿಸಿದ. ಮರ, ಕಲ್ಲು, ಕಬ್ಬಿಣಗಳ ಮಟ್ಟಿಗೆ ಈ ನಿಯಮ ಚೆನ್ನಾಗಿಯೇ ನಡೆಯುತ್ತದೆ.

ರಬ್ಬರು ಮಾತ್ರ ಈ ಮಾತನ್ನು ಕೇಳುವುದಿಲ್ಲ. ಮೆತ್ತಗಿರುವ ರಬ್ಬರು ನೆಲದ ಸಣ್ಣಸಣ್ಣ ಉಬ್ಬುಗಳನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿದಷ್ಟೂ ಅಣು ಅಣುವಿನ ನಡುವೆ ಅಂಟು ಹುಟ್ಟುತ್ತದೆ. ಇದು ಮೊದಲ ಬಗೆಯ ಹಿಡಿತ. ಎರಡನೆಯದು ರಬ್ಬರಿನ ಸೋಮಾರಿತನದಿಂದ ಬರುವುದು. ಉಬ್ಬಿನ ಮೇಲೆ ಹಾಯುವಾಗ ಅಮುಕಿಕೊಂಡ ರಬ್ಬರು ತಕ್ಷಣ ಪೂರ್ತಿಯಾಗಿ ಪುಟಿದೇಳುವುದಿಲ್ಲ, ಕೊಂಚ ತಡಮಾಡುತ್ತದೆ. ಆ ತಡದಲ್ಲಿ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ, ಜಾರುವಿಕೆಗೆ ಅಡ್ಡಿಯಾಗುತ್ತದೆ. ಇಂಗ್ಲೆಂಡಿನ ರಬ್ಬರು ಸಂಶೋಧಕರು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ಎರಡೂ ಬಗೆಗಳನ್ನು ಬಿಡಿಸಿ ತೋರಿಸಿದರು. 1963ರಲ್ಲಿ ಗ್ರೋಷ್ ಎಂಬಾತ ಉಷ್ಣತೆ ಮತ್ತು ವೇಗ ಬದಲಾದಂತೆ ರಬ್ಬರಿನ ಘರ್ಷಣೆ ಹೇಗೆ ಬದಲಾಗುತ್ತದೆಂಬುದನ್ನು ಅಳೆದು ಪ್ರಕಟಿಸಿದ. 1971ರಲ್ಲಿ ಶಾಲಮಾಕ್ ಎಂಬ ವಿಜ್ಞಾನಿ ಮತ್ತೊಂದು ಅಚ್ಚರಿಯನ್ನು ವರದಿ ಮಾಡಿದ. ಮೆತ್ತನೆಯ ರಬ್ಬರು ನುಣುಪಾದ ಮೇಲ್ಮೈಯ ಮೇಲೆ ಇಡಿಯಾಗಿ ಜಾರುವುದೇ ಇಲ್ಲ. ಹಾಸಿದ ಜಮಖಾನೆಯ ಒಂದು ತುದಿಯಲ್ಲಿ ಎದ್ದ ಸುಕ್ಕು ಇನ್ನೊಂದು ತುದಿಗೆ ಹರಿಯುವಂತೆ, ಸಣ್ಣ ಸುಕ್ಕುಗಳ ಅಲೆಯಾಗಿ ಅದು ಮುಂದೆ ಸರಿಯುತ್ತದೆ.

ಸ್ಪರ್ಧಿಗಳಲ್ಲಿ ಹೆಚ್ಚಿನವರು ಈ ಪ್ರಬಂಧಗಳನ್ನು ಓದಿದ್ದಿರಲಾರರು. ಆದರೆ ಮೆತ್ತಗಿರಬೇಕು, ಅಗಲವಾಗಿರಬೇಕು, ಕೊಂಚ ಬಿಸಿಯಾಗಿರಬೇಕು ಎಂಬ ಮೂರು ಸೂತ್ರಗಳನ್ನು ಅವರ ಬೆರಳುಗಳು ಆಗಲೇ ಕಲಿತಿದ್ದವು.

ಹಿಟ್ಟಿನಂತೆ ಉಬ್ಬಿದ ರಬ್ಬರು

ರಬ್ಬರನ್ನು ಇನ್ನಷ್ಟು ಮೆತ್ತಗೆ ಮಾಡುವ ಸುಲಭದ ದಾರಿಯೆಂದರೆ ಅದರೊಳಗೆ ಗಾಳಿ ತುಂಬುವುದು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಜೋಡಿಸಿದಾಗ ಮಾಡಿದ್ದು ಇದನ್ನೇ. ಆದರೆ ಹೆಬ್ಬೆರಳಗಲದ ಗಾಲಿಯೊಳಗೆ ಟ್ಯೂಬು ಇಟ್ಟು ಗಾಳಿ ಹೊಡೆಯುವುದು ಆಗದ ಮಾತು. ಒಂದು ದೊಡ್ಡ ಗುಳ್ಳೆಯ ಬದಲು ಸಾವಿರಾರು ಸಣ್ಣ ಗುಳ್ಳೆಗಳನ್ನು ರಬ್ಬರಿನೊಳಗೇ ಹುದುಗಿಸಿದರೆ ಹೇಗೆ?

ಅದಕ್ಕೆ ಬೇಕಾದ ವಿದ್ಯೆ ಅದಾಗಲೇ ಇತ್ತು. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್ಲಪ್ ಪ್ರಯೋಗಾಲಯದಲ್ಲಿ ಇ. ಎ. ಮರ್ಫಿ ಮತ್ತು ಸಹೋದ್ಯೋಗಿಗಳು ರಬ್ಬರಿನ ಹಾಲಿಗೆ ಸಾಬೂನು ಬೆರೆಸಿ, ಮೊಟ್ಟೆ ಕಡೆದಂತೆ ಕಡೆದು, ನೊರೆ ಇಳಿಯುವ ಮುನ್ನ ಅದನ್ನು ಹೆಪ್ಪುಗಟ್ಟಿಸಿ ಬೇಯಿಸಿದರು. ನಮ್ಮ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಮರಕ್ಕೆ ಕಟ್ಟಿದ ಗೆರಟೆಯೊಳಕ್ಕೆ ತೊಟ್ಟಿಕ್ಕುವ ಹಾಲನ್ನು ಕಂಡವರಿಗೆ ಈ ವಸ್ತುವಿನ ಪರಿಚಯ ಉಂಟು. ಹಾಗೆ ಹುಟ್ಟಿದ ಫೋಮು ಚಿತ್ರಮಂದಿರದ ಕುರ್ಚಿ, ಬಸ್ಸಿನ ಸೀಟು, ಹಾಸಿಗೆಗಳಿಗೆ ಹೋಯಿತು. ಇನ್ನೊಂದು ವಿಧಾನವೂ ಇದೆ. ರಬ್ಬರಿಗೆ ಅನಿಲ ಬಿಡುವ ರಾಸಾಯನಿಕವನ್ನು ನಾದಿ ಬಿಸಿ ಮಾಡಿದರೆ, ಹುದುಗು ಬಂದ ದೋಸೆಹಿಟ್ಟಿನಂತೆ ಅದು ಒಳಗಿನಿಂದಲೇ ಉಬ್ಬುತ್ತದೆ. ಹಾಗೆ ಉಬ್ಬಿದ ಹಾಳೆಯಿಂದ ಉದ್ದಿನ ವಡೆಯ ಆಕಾರದ ಬಿಲ್ಲೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚಕ್ರಕ್ಕೆ ಅಂಟಿಸಿದರೆ ಸ್ಪಂಜಿನ ಗಾಲಿ ಸಿದ್ಧ. ಅಮೆರಿಕದಲ್ಲಿ ಈ ಬಿಲ್ಲೆಗಳಿಗೆ ಅಲ್ಲಿನ ವಡೆಯ ಹೆಸರನ್ನೇ ಇಟ್ಟರು: ಡೋನಟ್.

ಸೀಳಿನ ದಾರಿಯಿಂದ ರೇಡಿಯೊ ಅಲೆಗೆ

ಈ ಸ್ಪಂಜು ಗಾಲಿಗಳು ಮೊದಲು ಓಡಿದ್ದು ರೇಡಿಯೊ ಕಾರುಗಳಲ್ಲಲ್ಲ. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ ಸ್ಕೇಲೆಕ್ಸ್‌ಟ್ರಿಕ್ ಎಂಬ ಆಟವನ್ನು ಮಾರುಕಟ್ಟೆಗೆ ತಂದ. ಹಲಗೆಯಲ್ಲಿ ಕೊರೆದ ಸೀಳಿನೊಳಗೆ ಕಾರಿನ ಕಡ್ಡಿಯೊಂದು ಸಿಕ್ಕಿಕೊಂಡಿರುತ್ತದೆ. ಸೀಳಿನ ಪಕ್ಕದ ಲೋಹದ ಪಟ್ಟಿಗಳಿಂದ ವಿದ್ಯುತ್ತು ಪಡೆದು ಕಾರು ಓಡುತ್ತದೆ. ಆಡುವವರ ಕೈಯಲ್ಲಿರುವುದು ವೇಗದ ಹಿಡಿಕೆ ಮಾತ್ರ. 1960ರ ದಶಕದ ನಡುವಿನಲ್ಲಿ ಈ ಸ್ಲಾಟ್ ಕಾರುಗಳ ಹುಚ್ಚು ಅಮೆರಿಕವನ್ನು ಹಿಡಿಯಿತು. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುವ ಅಂಗಡಿಗಳು ಊರೂರಿಗೆ ಎದ್ದವು. ತಿರುವಿನಲ್ಲಿ ಕಾರು ಸೀಳಿನಿಂದ ಹಾರಿಹೋಗದಂತೆ ತಡೆಯುವುದೇ ಈ ಆಟದ ಮರ್ಮವಾದ್ದರಿಂದ ಗಾಲಿಯ ಹಿಡಿತಕ್ಕೆ ಅಲ್ಲಿ ಎಲ್ಲಿಲ್ಲದ ಬೆಲೆ ಬಂತು. ಸ್ಪಂಜಿನ ಗಾಲಿ, ಅದನ್ನು ದುಂಡಗೆ ಉಜ್ಜುವ ಉಪಾಯ, ಅಂಟಂಟು ದ್ರವಗಳು ಎಲ್ಲ ಈ ಹಲಗೆಗಳ ಮೇಲೆಯೇ ಬೆಳೆದವು.

ಹುಚ್ಚು ಬಂದಷ್ಟೇ ಬೇಗ ಇಳಿಯಿತು. ದಶಕ ಮುಗಿಯುವ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಅಷ್ಟರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದ ಎಲೆಟ್ರೋನಿಕಾ ಜೊಕಾಟೊಲಿ ಎಂಬ ಕಂಪನಿ 1966ರಲ್ಲಿ ಫೆರಾರಿಯ ಪುಟ್ಟ ಪ್ರತಿಯೊಂದನ್ನು ರೇಡಿಯೊದಿಂದ ಓಡುವಂತೆ ಮಾಡಿ ಹೊರತಂದಿತ್ತು. ಸೀಳಿಲ್ಲ, ತಂತಿಯಿಲ್ಲ, ಕಾರು ಎಲ್ಲಿ ಬೇಕಾದರೂ ತಿರುಗಬಲ್ಲದು. ಕೆಲಸ ಕಳೆದುಕೊಳ್ಳುತ್ತಿದ್ದ ಸ್ಲಾಟ್ ಕಾರು ತಯಾರಕರಲ್ಲಿ ಅನೇಕರು ಈ ಹೊಸ ಹವ್ಯಾಸಕ್ಕೆ ಹೊರಳಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಲಾಟ್ ಕಾರು ವ್ಯವಹಾರವಾಗಿ ಶುರುವಾಗಿ, ಮುಂದೆ ರೇಡಿಯೊ ಕಾರುಗಳಲ್ಲಿ ದೊಡ್ಡ ಹೆಸರಾದ ಅಸೋಸಿಯೇಟೆಡ್ ಎಲೆಕ್ಟ್ರಿಕ್ಸ್ ಅಂಥದ್ದರಲ್ಲಿ ಒಂದು. ತಯಾರಕರ ಜತೆ ಅವರ ವಿದ್ಯೆಯೂ ಬಂತು. ಸ್ಪಂಜಿನ ಗಾಲಿಯೂ ಬಂತು.

1970ರ ದಶಕದಲ್ಲಿ ಹೊರಾಂಗಣದ ಡಾಂಬರು ನೆಲದ ಮೇಲೆ ಎಂಟರಲ್ಲಿ ಒಂದು ಪಾಲಿನ ಎಂಜಿನ್ ಕಾರುಗಳು ಓಡಿದವು. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ 934ರ ಮಾದರಿಯನ್ನು ಹೊರತಂದಾಗ ಬ್ಯಾಟರಿಯ ರೇಡಿಯೊ ಕಾರು ಸಾಮಾನ್ಯರ ಮನೆಗಳನ್ನೂ ಹೊಕ್ಕಿತು. ಆ ಕಾರಿಗೆ ಇದ್ದದ್ದು ನಿಜವಾದ ಕಾರಿನಂತೆ ಕಾಣುವ ರಬ್ಬರು ಟೈರು. ನೋಡುವವರಿಗೆ ಅದು ಚೆನ್ನ. ಗೆಲ್ಲಬೇಕೆಂದವರಿಗೆ ಸ್ಪಂಜೇ ಬೇಕು. ಹನ್ನೆರಡರ ಒಂದು ಪಾಲಿನ ವಿದ್ಯುತ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ 1982ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ನಡೆಯುವ ವೇಳೆಗೆ ಆ ವರ್ಗದಲ್ಲಿ ಸ್ಪಂಜಿನ ಗಾಲಿ ಪ್ರಶ್ನಾತೀತವಾಗಿತ್ತು.

ಒಂದು ಗಾಲಿಯ ಪೂರ್ವಸಿದ್ಧತೆ

ಇಂದು ಅಂಟಿಸಿ, ಉಜ್ಜಿ, ಬಳಕೆಗೆ ಸಿದ್ಧವಾದ ಗಾಲಿಗಳು ಅಂಗಡಿಯಲ್ಲಿ ಸಿಗುತ್ತವೆ. ಆರಂಭದ ಕಾಲದಲ್ಲಿ ಇದೆಲ್ಲ ಕೈಕೆಲಸ. ಚಕ್ರವನ್ನು ತೊಳೆದು, ಜಿಡ್ಡು ತೆಗೆದು, ಪಾದರಕ್ಷೆಯ ಅಂಗಡಿಗಳಲ್ಲಿ ಬಳಸುವಂಥ ಅಂಟನ್ನು ಎರಡೂ ಕಡೆ ಹಚ್ಚಿ, ಕೊಂಚ ಒಣಗಿದ ಮೇಲೆ ಬಿಲ್ಲೆಯನ್ನು ಚಕ್ರಕ್ಕೆ ತೊಡಿಸಬೇಕು. ಆ ಸ್ಥಿತಿಯಲ್ಲಿ ಗಾಲಿ ದುಂಡಗಿರುವುದಿಲ್ಲ. ಅದನ್ನು ಸಣ್ಣ ಲೇತಿನಂಥ ಯಂತ್ರದಲ್ಲಿ ತಿರುಗಿಸುತ್ತ, ಉಪ್ಪುಕಾಗದದಿಂದಲೋ ಸಾಣೆಯಿಂದಲೋ ಉಜ್ಜಿ ಬೇಕಾದ ಗಾತ್ರಕ್ಕೆ ಇಳಿಸಬೇಕು. ಎಡಗಾಲಿಗೂ ಬಲಗಾಲಿಗೂ ಮಿಲಿಮೀಟರಿನ ಕೆಲವೇ ದಶಾಂಶಗಳಷ್ಟು ವ್ಯತ್ಯಾಸವಾದರೂ ಕಾರು ನೆಟ್ಟಗೆ ಓಡದು. ಉಜ್ಜುವಾಗ ಏಳುವ ನುಣುಪು ಧೂಳು ಎದೆಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು.

ಸ್ಪಂಜಿನ ಆಯ್ಕೆಯೂ ಒಂದು ವಿದ್ಯೆ. ನೈಸರ್ಗಿಕ ರಬ್ಬರಿನದು ಹೆಚ್ಚು ಪುಟಿಯುತ್ತದೆ, ಹೆಚ್ಚು ಹಿಡಿಯುತ್ತದೆ. ಕೃತಕ ರಬ್ಬರು ಬೆರೆತದ್ದು ಹೆಚ್ಚು ಬಾಳುತ್ತದೆ. ಗಡಸುತನವನ್ನು ಅಳೆಯಲು ಅಮೆರಿಕದ ಆಲ್ಬರ್ಟ್ ಶೋರ್ ರೂಪಿಸಿದ ಮಾಪಕವನ್ನು ಬಳಸುತ್ತಾರೆ. ಸ್ಪ್ರಿಂಗಿಗೆ ಜೋಡಿಸಿದ ಮೊನೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನೋಡಿ ಅದು ಒಂದು ಅಂಕಿ ಕೊಡುತ್ತದೆ. ಅಂಕಿ ಕಡಿಮೆಯಾದಷ್ಟೂ ಸ್ಪಂಜು ಮೆದು. ಮಾಪಕವಿಲ್ಲದವರು ತಯಾರಕರು ಕೊಟ್ಟ ಬಣ್ಣದ ಗುರುತನ್ನು ನಂಬಬೇಕಾಗಿತ್ತು. ಆದರೆ ಒಬ್ಬ ತಯಾರಕನ ಗುಲಾಬಿ ಇನ್ನೊಬ್ಬನ ಗುಲಾಬಿಗೆ ಸಮನಾಗಿರುತ್ತಿರಲಿಲ್ಲ.

ಹಿಡಿತ ಹೆಚ್ಚಿದಷ್ಟೂ ಒಳ್ಳೆಯದೆಂದು ನೀವು ಭಾವಿಸಬಹುದು. ಹಾಗಲ್ಲ. ಮಿತಿಮೀರಿದ ಹಿಡಿತವಿದ್ದರೆ ತಿರುವಿನಲ್ಲಿ ಗಾಲಿ ಜಾರುವುದೇ ಇಲ್ಲ. ಕಾರಿನ ಮೇಲ್ಭಾಗ ಮಾತ್ರ ಮುಂದಕ್ಕೆ ಹೋಗುತ್ತದೆ. ಎಡವಿದ ಮನುಷ್ಯನಂತೆ ಕಾರು ಮಗುಚಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಗಾಲಿಯ ಅಂಚನ್ನು ದುಂಡಗೆ ಉಜ್ಜುತ್ತಾರೆ. ಮುಂದಿನ ಗಾಲಿಗಳ ಹೊರಮೈಗೆ ಫೆವಿಕ್ವಿಕ್‌ನಂಥ ಅಂಟನ್ನು ತೆಳ್ಳಗೆ ಸವರಿ ಗಟ್ಟಿ ಮಾಡುತ್ತಾರೆ. ಗಟ್ಟಿಯಾದ ಆ ಅಂಚು ಸ್ವಲ್ಪ ಜಾರಿ ಕಾರನ್ನು ಉಳಿಸುತ್ತದೆ. ಹಲಗೆಗೆ ತಾಗಿದಾಗ ಸ್ಪಂಜಿನ ತುಣುಕು ಕಿತ್ತುಹೋಗದಂತೆಯೂ ಕಾಪಾಡುತ್ತದೆ.

ಇನ್ನು ಸವೆತದ ಮಾತು. ಹಿಡಿತವೆಂಬುದು ಪುಕ್ಕಟೆ ಸಿಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಗಾಲಿ ತನ್ನ ಮೈಯನ್ನು ನೆಲಕ್ಕೆ ತೆರುತ್ತದೆ. 45 ಮಿಲಿಮೀಟರು ವ್ಯಾಸದ ಗಾಲಿ ಒಂದು ಸಲ ಸುತ್ತಿದರೆ ಸುಮಾರು 141 ಮಿಲಿಮೀಟರು ಸಾಗುತ್ತದೆ. ಸವೆದು 42 ಮಿಲಿಮೀಟರಿಗೆ ಇಳಿದರೆ ಸಾಗುವುದು 132 ಮಾತ್ರ. ಸಾವಿರ ಸುತ್ತಿಗೆ ಸುಮಾರು ಒಂಬತ್ತೂವರೆ ಮೀಟರು ನಷ್ಟ. ಆದ್ದರಿಂದ ಪಂದ್ಯ ಪಂದ್ಯಕ್ಕೂ ಗಾಲಿಯನ್ನು ಅಳೆದು, ಅದಕ್ಕೆ ತಕ್ಕ ಹಲ್ಲುಚಕ್ರವನ್ನು ಬದಲಿಸಬೇಕು. ಕೈಯಲ್ಲೊಂದು ಅಳತೆಯ ಸಾಧನ, ಪಕ್ಕದಲ್ಲೊಂದು ನೋಟ್‌ಬುಕ್ಕು ಇಲ್ಲದ ಸ್ಪರ್ಧಿಯನ್ನು ಕಾಣುವುದು ಕಷ್ಟವಾಗಿತ್ತು.

ಎಣ್ಣೆ ಮಾಡುವ ಕೆಲಸ

ಇಷ್ಟೆಲ್ಲ ಆದ ಮೇಲೆ ಕೊನೆಯದಾಗಿ ಬರುವುದು ನಾವು ಆರಂಭದಲ್ಲಿ ಹೇಳಿದ ಘಾಟಿನ ದ್ರವ. ರಬ್ಬರು ಎಂದರೆ ಉದ್ದುದ್ದ ಅಣುಸರಪಳಿಗಳ ಗೋಜಲು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಗಂಧಕದ ಸಂಸ್ಕಾರ ಆ ಸರಪಳಿಗಳನ್ನು ಅಲ್ಲಲ್ಲಿ ಗಂಟುಹಾಕಿ ಹಿಡಿದಿಡುತ್ತದೆ. ಕೆಲವು ದ್ರವಗಳು ಈ ಸರಪಳಿಗಳ ನಡುವೆ ನುಸುಳಿ ಅವುಗಳನ್ನು ಒಂದರಿಂದೊಂದು ದೂರ ಸರಿಸುತ್ತವೆ. ಗಂಟು ಬಿಚ್ಚುವುದಿಲ್ಲ, ಆದರೆ ಗೋಜಲು ಸಡಿಲವಾಗುತ್ತದೆ. ರಬ್ಬರು ಉಬ್ಬಿ, ಮೆದುವಾಗಿ, ಮುಟ್ಟಿದರೆ ಅಂಟುವಂತಾಗುತ್ತದೆ. ಮಿಥೈಲ್ ಸ್ಯಾಲಿಸಿಲೇಟ್ ಅಂಥದೊಂದು ದ್ರವ. ವಯಸ್ಸಾಗಿ ಗಟ್ಟಿಯಾದ ಟೈಪ್‌ರೈಟರಿನ ಉರುಳೆ, ಮುದ್ರಣಯಂತ್ರದ ರಬ್ಬರು ಭಾಗಗಳನ್ನು ಮತ್ತೆ ಮೆದುಮಾಡಲು ಸೈಲೀನ್ ಎಂಬ ದ್ರಾವಕದೊಡನೆ ಇದನ್ನು ಬೆರೆಸಿ ಬಳಸುವ ರೂಢಿ ಇತ್ತು.

ಈ ಎಣ್ಣೆ ನಮಗೆ ಅಪರಿಚಿತವೇನಲ್ಲ. ಉತ್ತರ ಅಮೆರಿಕದ ವಿಂಟರ್‌ಗ್ರೀನ್ ಗಿಡದ ಎಣ್ಣೆಯನ್ನು 1843ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಕಾವೂರ್ ವಿಶ್ಲೇಷಿಸಿ ಅದರೊಳಗಿನ ವಸ್ತುವನ್ನು ಗುರುತಿಸಿದ. ಅದೇ ಕುಲದ ಇನ್ನೊಂದು ಗಿಡ ನಮ್ಮ ನೆರೆಯ ನೀಲಗಿರಿಯಲ್ಲೇ ಬೆಳೆಯುತ್ತದೆ. ಇಂದು ಬಹುಪಾಲು ಎಣ್ಣೆ ಗಿಡದಿಂದಲ್ಲ, ಕಾರ್ಖಾನೆಯಿಂದ ಬರುತ್ತದೆ.

ಹಚ್ಚುವುದಕ್ಕೂ ಕ್ರಮವುಂಟು. ಹಿಂದಿನ ಗಾಲಿಗಳಿಗೆ ಪೂರ್ತಿ ಅಗಲಕ್ಕೆ ಸವರಬೇಕು. ಮುಂದಿನ ಗಾಲಿಗಳಿಗೆ ಒಳಗಿನ ಅರ್ಧಕ್ಕೋ ಮೂರನೇ ಒಂದು ಪಾಲಿಗೋ ಸವರಿದರೆ ಸಾಕು. ಹೆಚ್ಚು ಸವರಿದರೆ ಕಾರು ತಿರುವಿನಲ್ಲಿ ಚುರುಕಾಗಿ ಮೂತಿ ತಿರುಗಿಸಿ ಹಿಂಭಾಗ ಜಾರಿಸಿಕೊಳ್ಳುತ್ತದೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ನೆನೆಯಬೇಕು. ಹೊರಡುವ ಮುನ್ನ ಒಣಬಟ್ಟೆಯಿಂದ ಒರೆಸಬೇಕು. ಒಂದು ಬೆರಳಗಲದ ಸ್ಪಂಜಿನ ಮೇಲೆ ಒಂದು ಗೆರೆ ಅತ್ತಿತ್ತ ಸರಿದರೆ ಇಡೀ ಕಾರಿನ ಸ್ವಭಾವ ಬದಲಾಗುತ್ತಿತ್ತು. ಹೊರಾಂಗಣದಲ್ಲಿ ಗಾಲಿಗಲ್ಲದೆ ನೆಲಕ್ಕೇ ಉಪಚಾರ ಮಾಡುವುದೂ ಉಂಟು. ಡಾಂಬರಿನ ಮೇಲೆ ಸಕ್ಕರೆ ನೀರು ಚಿಮುಕಿಸಿ ಒಣಗಿಸಿದರೆ ಅಂಟಂಟಾದ ತೆಳು ಪೊರೆ ಉಳಿಯುತ್ತದೆ.

ಘಾಟು ಯಾರದು, ಉಸಿರು ಯಾರದು?

ಎಲ್ಲಿಯವರೆಗೆ ಇದು ಕೆಲವರ ಗುಟ್ಟಾಗಿತ್ತೋ ಅಲ್ಲಿಯವರೆಗೆ ಯಾರೂ ತಕರಾರು ತೆಗೆಯಲಿಲ್ಲ. ಗುಟ್ಟು ಸೀಸೆಗೆ ಇಳಿದು ಮಾರಾಟಕ್ಕೆ ಬಂದ ಮೇಲೆ ಸಭಾಂಗಣದ ತುಂಬ ಅದೇ ವಾಸನೆ. ಬಾಗಿಲು ಮುಚ್ಚಿದ ಚಳಿಗಾಲದ ಕೋಣೆಯಲ್ಲಿ ಹತ್ತಾರು ಮಂದಿ ದಿನವಿಡೀ ಸ್ಪಂಜಿಗೆ ದ್ರಾವಕ ಸವರುತ್ತ ಕುಳಿತರೆ ಗಾಳಿ ಏನಾದೀತು? ಹವ್ಯಾಸಿಗಳ ಜತೆ ಅವರ ಮಕ್ಕಳೂ ಇರುತ್ತಿದ್ದರು. ತಲೆನೋವು, ಕಣ್ಣುರಿಗಳ ದೂರು ಬಂತು. ಸಭಾಂಗಣದ ಮಾಲೀಕರು ಗೊಣಗಿದರು.

ವಿಂಟರ್‌ಗ್ರೀನ್ ಎಣ್ಣೆ ಮುಲಾಮಿನಲ್ಲಿ ಇದೆಯೆಂದ ಮಾತ್ರಕ್ಕೆ ನಿರಪಾಯಕಾರಿಯೆಂದು ತಿಳಿಯಬಾರದು. ಒಂದು ಚಹಾ ಚಮಚದಷ್ಟು, ಅಂದರೆ 5 ಮಿಲಿಲೀಟರು ಶುದ್ಧ ಎಣ್ಣೆಯಲ್ಲಿ 7 ಗ್ರಾಂನಷ್ಟು ಸ್ಯಾಲಿಸಿಲೇಟ್ ಇರುತ್ತದೆ. ಇದು ದೊಡ್ಡವರು ನುಂಗುವ 325 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಗಳ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾತ್ರೆಗಳಿಗೆ ಸಮ. ಮಗುವೊಂದು ಕುಡಿದರೆ ಪ್ರಾಣಾಪಾಯ. ಚರ್ಮದ ಮೂಲಕವೂ ಇದು ಮೈಸೇರುತ್ತದೆ. ಬರಿಗೈಯಲ್ಲಿ ಗಾಲಿ ಹಿಡಿದು ವಾರವಾರವೂ ಸವರುತ್ತಿದ್ದವರಿಗೆ ಇದರ ಅರಿವು ಬೇಗ ಮೂಡಲಿಲ್ಲ.

ಕ್ರಮೇಣ ಅನೇಕ ಕ್ಲಬ್ಬುಗಳು ವಾಸನೆಯ ದ್ರವಗಳನ್ನು ಒಳಾಂಗಣದಲ್ಲಿ ನಿಷೇಧಿಸಿದವು. ವಾಸನೆಯಿಲ್ಲದ ದ್ರವಗಳು ಮಾರುಕಟ್ಟೆಗೆ ಬಂದವು. ಮತ್ತೆ ಕೆಲವು ಕಡೆ ಆಯೋಜಕರೇ ಒಂದು ದ್ರವವನ್ನು ಗೊತ್ತುಮಾಡಿ, ಎಲ್ಲರೂ ಅದನ್ನೇ ಬಳಸಬೇಕೆಂದರು. ಇದಕ್ಕೆ ಆರೋಗ್ಯವಲ್ಲದೆ ಇನ್ನೊಂದು ಕಾರಣವೂ ಇತ್ತು. ಒಬ್ಬನ ಗಾಲಿಯ ಎಣ್ಣೆ ಅವನ ಗಾಲಿಯಲ್ಲೇ ಉಳಿಯುವುದಿಲ್ಲ. ಓಡಿದ ದಾರಿಯ ಮೇಲೆ ರಬ್ಬರು ಮತ್ತು ಎಣ್ಣೆಯ ಕಪ್ಪು ಪಟ್ಟೆಯಾಗಿ ಅದು ಕಾರ್ಪೆಟ್ಟಿಗೆ ಹತ್ತುತ್ತದೆ. ಹಿಂದೆ ಬರುವ ಕಾರುಗಳೆಲ್ಲ ಅದರ ಮೇಲೆಯೇ ಓಡುತ್ತವೆ. ನನ್ನ ಸೀಸೆ, ನನ್ನ ಗಾಲಿ ಎನ್ನುವುದು ಸುಳ್ಳಾಗುತ್ತದೆ. ನೆಲವೂ ಗಾಳಿಯೂ ಎಲ್ಲರದು.

ಇಂಥದೇ ಕಥೆ ನಮಗೆ ಹೆಚ್ಚು ಪರಿಚಿತವಾದ ಇನ್ನೊಂದು ಆಟದಲ್ಲಿ ನಡೆದಿದೆ. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ನಡೆದಾಗ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದು ಪ್ರಶಸ್ತಿ ಗೆದ್ದ. ಚೆಂಡು ತಗುಲಿದ ಸದ್ದೇ ಕೇಳದೆ ಎದುರಾಳಿಗಳು ಕಂಗಾಲಾದರು. 1959ರಲ್ಲಿ ಸ್ಪಂಜಿನ ದಪ್ಪಕ್ಕೆ ಮಿತಿ ಬಂತು. 1970ರ ದಶಕದಲ್ಲಿ ಯುರೋಪಿನ ಆಟಗಾರರು ಇನ್ನೊಂದು ಉಪಾಯ ಕಂಡುಕೊಂಡರು. ನಮ್ಮ ಪಂಕ್ಚರ್ ಅಂಗಡಿಯಲ್ಲಿ ಸೊಲ್ಯೂಷನ್ ಎಂದು ಕರೆಯುವ ಸೈಕಲ್ ಟ್ಯೂಬಿನ ಅಂಟನ್ನು ಬ್ಯಾಟಿಗೆ ಹಚ್ಚಿದರೆ ಅದರ ದ್ರಾವಕ ಸ್ಪಂಜನ್ನು ಉಬ್ಬಿಸಿ, ಚೆಂಡಿಗೆ ಹೆಚ್ಚಿನ ವೇಗವನ್ನೂ ತಿರುಗುವಿಕೆಯನ್ನೂ ಕೊಡುತ್ತಿತ್ತು. ಹಂಗೇರಿಯ ಕ್ಲಾಂಪಾರ್, ಯುಗೊಸ್ಲಾವಿಯದ ಶುರ್ಬೆಕ್ ಅವರ ಹೆಸರುಗಳು ಈ ಶೋಧದ ಜತೆ ಕೇಳಿಬರುತ್ತವೆ. ಆಟಗಾರರ ಉಡುಪಿನ ಕೋಣೆಗಳು ದ್ರಾವಕದ ವಾಸನೆಯಿಂದ ತುಂಬಿದವು. ಕೊನೆಗೆ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಬೆನ್ನಿಗೇ, 2008ರ ಸೆಪ್ಟೆಂಬರ್ 1ರಿಂದ, ಅಂತರರಾಷ್ಟ್ರೀಯ ಒಕ್ಕೂಟ ಆವಿಯಾಗುವ ದ್ರಾವಕವಿರುವ ಅಂಟುಗಳನ್ನು ನಿಷೇಧಿಸಿತು.

ದೊಡ್ಡ ಕಾರುಗಳ ಲೋಕದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಫಾರ್ಮುಲಾ ಒನ್‌ನಲ್ಲಿ ಟೈರನ್ನು ರಾಸಾಯನಿಕದಿಂದ ಮೆದುಮಾಡುವುದು ನಿಷಿದ್ಧ. ಗೋ-ಕಾರ್ಟ್ ಪಂದ್ಯಗಳಲ್ಲಿ ತಪಾಸಣೆಗಾರರು ಮೂಸುವ ಯಂತ್ರವೊಂದನ್ನು ಟೈರಿನ ಬಳಿ ಹಿಡಿದು ದ್ರಾವಕದ ಆವಿಯನ್ನು ಪತ್ತೆಹಚ್ಚುತ್ತಾರೆ. ಅಮೆರಿಕದ ಮಣ್ಣಿನ ದಾರಿಯ ಪಂದ್ಯಗಳಲ್ಲಿ ಟೈರಿನ ತುಣುಕನ್ನು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತಪ್ಪು ರುಜುವಾತಾದರೆ ಗೆಲುವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅಂದರೆ ಒಂದು ಕಣದಲ್ಲಿ ಎಲ್ಲರೆದುರು ಮೇಜಿನ ಮೇಲೆ ಮಾಡುವ ಸಿದ್ಧತೆ ಇನ್ನೊಂದು ಕಣದಲ್ಲಿ ಕತ್ತಲಲ್ಲಿ ಮಾಡುವ ಮೋಸ. ರಬ್ಬರಿಗಾಗಲಿ ಎಣ್ಣೆಗಾಗಲಿ ಈ ಭೇದ ತಿಳಿಯದು. ಅಲ್ಲೂ ಇಲ್ಲೂ ಸಡಿಲವಾಗುವುದು ಅದೇ ಅಣುಸರಪಳಿ. ಭೇದ ಇರುವುದು ಆಟಗಾರರು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಲ್ಲಿ.

ಸ್ಪಂಜಿನ ಗಾಲಿಯ ರಾಜ್ಯ ಈಗ ಮೊದಲಿನಷ್ಟು ವಿಸ್ತಾರವಾಗಿಲ್ಲ. ಹತ್ತರಲ್ಲಿ ಒಂದು ಪಾಲಿನ ಟೂರಿಂಗ್ ಕಾರುಗಳು 2000ದ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಪೆಟ್ಟುಗಳ ಮೇಲೆ ಸ್ಪಂಜಿನಲ್ಲಿ ಓಡಿ, ಆಮೇಲೆ ರಬ್ಬರಿಗೆ ಮರಳಿದವು. ರಬ್ಬರು ಟೈರು ಹೆಚ್ಚು ಬಾಳುತ್ತದೆ. ಉಜ್ಜುವ ಯಂತ್ರವಿಲ್ಲದವನಿಗೂ ಅದು ದಕ್ಕುತ್ತದೆ. ಹೊಸಬರು ಕಣಕ್ಕಿಳಿಯುವುದು ಇದರಿಂದ ಸುಲಭವಾಯಿತು. ಹನ್ನೆರಡರ ಒಂದು ಪಾಲಿನ ವಿದ್ಯುತ್ ಕಾರುಗಳು ಮತ್ತು ಎಂಟರ ಒಂದು ಪಾಲಿನ ಎಂಜಿನ್ ಕಾರುಗಳು ಮಾತ್ರ ಇನ್ನೂ ಸ್ಪಂಜಿಗೇ ನಿಷ್ಠವಾಗಿವೆ.

ಹಳೆಯ ಆಟಗಾರರಲ್ಲಿ ಕೆಲವರು ಆ ಘಾಟಿಗಾಗಿ ಇಂದಿಗೂ ಹಂಬಲಿಸುತ್ತಾರೆ. ಅದು ಸಹಜವೇ, ವಾಸನೆಯಷ್ಟು ಗಟ್ಟಿಯಾಗಿ ನೆನಪನ್ನು ಹಿಡಿದಿಡುವ ವಸ್ತು ಇನ್ನೊಂದಿಲ್ಲ. ಆದರೆ ಈ ಪುಟ್ಟ ಗಾಲಿಯ ಅರ್ಧ ಶತಮಾನದ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಷ್ಟು ವೇಗವಾಗಿ ಓಡಬಹುದು ಎಂಬುದನ್ನು ಭೌತವಿಜ್ಞಾನವೂ ರಸಾಯನವಿಜ್ಞಾನವೂ ಹೇಳಿದವು. ಯಾವ ಬೆಲೆ ತೆತ್ತು ಓಡಬೇಕು ಎಂಬುದನ್ನು ತೀರ್ಮಾನಿಸಿದ್ದು ಮಾತ್ರ ಅದೇ ಕೋಣೆಯಲ್ಲಿ ಕುಳಿತು ಅದೇ ಗಾಳಿಯನ್ನು ಉಸಿರಾಡುತ್ತಿದ್ದ ಜನ. ಮಕ್ಕಳು ಪಕ್ಕದಲ್ಲಿ ನಿಂತು ನೋಡಬಹುದಾದ ಆಟವಾಗಿ ಅದು ಉಳಿಯಬೇಕಾದರೆ ಒಂದೆರಡು ಸೆಕೆಂಡುಗಳನ್ನು ಬಿಟ್ಟುಕೊಡಲೇಬೇಕೆಂದು ಅವರು ಒಪ್ಪಿಕೊಂಡರು.